ಈಶಾನ್ಯಕ್ಕೆ ಒಂದು ತಿಂಗಳು: ಬೆನ್ನಿಗೆ ಬ್ಯಾಗ್ ಹಾಕುವ ಮೊದಲಿನ ಕೆಲಸಗಳು

ಅಸ್ಸಾಮಿನ ತೇಜ್‌ಪುರದಿಂದ ಅರುಣಾಚಲದ ತವಾಂಗ್‌ಗೆ ಮುನ್ನೂರು ಚಿಲ್ಲರೆ ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರಿಗೂ ಹೆಚ್ಚುಕಡಿಮೆ ಅಷ್ಟೇ. ಮಂಗಳೂರಿನ ಬಸ್ಸನ್ನು ರಾತ್ರಿ ಊಟ ಮುಗಿಸಿ ಹತ್ತಿದರೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಇಳಿಯುತ್ತೀರಿ. ತವಾಂಗ್ ಹಾಗಲ್ಲ. ಬೆಳಗಿನ ಜಾವ ಸುಮೋ ಹತ್ತಿದವರು ಕತ್ತಲಾದ ಮೇಲೆ ಇಳಿಯುತ್ತಾರೆ. ಅದೂ ದಾರಿಯಲ್ಲಿ ಎಲ್ಲೂ ಗುಡ್ಡ ಜರಿಯದಿದ್ದರೆ.

ಈಶಾನ್ಯ ಭಾರತಕ್ಕೆ ಹೊರಡುವ ನಮ್ಮ ಕಡೆಯವರ ಪ್ಲಾನ್ ಸಾಮಾನ್ಯವಾಗಿ ಕೆಡುವುದು ಇಲ್ಲೇ. ಮ್ಯಾಪ್ ಮುಂದಿಟ್ಟುಕೊಂಡು ಊರುಗಳ ಪಟ್ಟಿ ಮಾಡುತ್ತಾರೆ. ಹದಿನೈದು ದಿನ, ಏಳು ರಾಜ್ಯ. ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಕೂರುತ್ತದೆ. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ಕಿಲೋಮೀಟರ್ ಅಲ್ಲ. ಹಗಲು ಎಷ್ಟು ಹೊತ್ತಿನವರೆಗೆ ಇರುತ್ತದೆ, ಗಾಡಿ ಎಷ್ಟಕ್ಕೆ ಹೊರಡುತ್ತದೆ, ರಾಜ್ಯದ ಗಡಿಯ ಗೇಟಿನಲ್ಲಿ ಏನು ಕಾಗದ ಕೇಳುತ್ತಾರೆ, ಇವು ಲೆಕ್ಕ. ಇವನ್ನು ಮೊದಲು ಹಿಡಿದು, ಊರುಗಳ ಪಟ್ಟಿಯನ್ನು ಆಮೇಲೆ ಮಾಡಿದರೆ ಒಂದು ತಿಂಗಳು ಆರಾಮಾಗಿ ಸುತ್ತಬಹುದು. ಒಬ್ಬರೇ ಅಥವಾ ಇಬ್ಬರು, ಬೆನ್ನಿಗೊಂದು ಬ್ಯಾಗ್, ಬಾಡಿಗೆ ಕಾರಿಲ್ಲ, ಪ್ಯಾಕೇಜ್ ಇಲ್ಲ. ಅಂಥವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ

ರಜೆ ಯಾವಾಗ ಸಿಗುತ್ತದೋ ಆವಾಗ ಹೋಗುವ ಜಾಗ ಇದಲ್ಲ. ಮಳೆಗಾಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆದರೆ ಏಪ್ರಿಲ್‌ನಲ್ಲೇ ದೊಡ್ಡ ದೊಡ್ಡ ಮಳೆ ಶುರುವಾಗುತ್ತದೆ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,500 ಮಿ.ಮೀ. ಮಳೆ. ಮೇಘಾಲಯದ ಚೆರಾಪುಂಜಿ, ಮೌಸಿನ್‌ರಾಮ್‌ಗಳಲ್ಲಿ 11,000 ಮಿ.ಮೀ. ದಾಟುತ್ತದೆ. ಮಳೆ ನೋಡಲಿಕ್ಕೆಂದೇ ಹೋಗುವವರಿದ್ದಾರೆ, ಮಲೆನಾಡಿನವರಿಗೆ ಅದರಲ್ಲಿ ಭಯವೂ ಇಲ್ಲ. ಆದರೆ ಅದೇ ತಿಂಗಳುಗಳಲ್ಲಿ ಬ್ರಹ್ಮಪುತ್ರ ಉಕ್ಕಿ ಅಸ್ಸಾಮಿನ ಎಷ್ಟೋ ಹಳ್ಳಿಗಳು ನೀರಲ್ಲಿರುತ್ತವೆ, ಅರುಣಾಚಲದ ರಸ್ತೆಗಳು ಕುಸಿಯುತ್ತವೆ, ಕಾಜಿರಂಗ ಮುಚ್ಚಿರುತ್ತದೆ. ಲಾಂಗ್ ಟ್ರಿಪ್‌ಗೆ ಅದು ಸಲ್ಲದು.

ನನ್ನ ಮಟ್ಟಿಗೆ ಒಳ್ಳೆಯ ಕಾಲ ಅಂದರೆ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಕೊನೆ. ಆಕಾಶ ತಿಳಿಯಾಗಿರುತ್ತದೆ, ಮಳೆಯಿಂದ ಹಾಳಾದ ರಸ್ತೆಗಳ ರಿಪೇರಿ ನಡೆದಿರುತ್ತದೆ, ಎತ್ತರದ ಜಾಗಗಳಲ್ಲಿ ಹಿಮ ಇನ್ನೂ ದಾರಿ ಕಟ್ಟಿರುವುದಿಲ್ಲ. ಎರಡನೆಯ ಆಯ್ಕೆ ಫೆಬ್ರುವರಿ ಕೊನೆಯಿಂದ ಮಾರ್ಚ್ ಕೊನೆ.

ಹಬ್ಬಗಳನ್ನೂ ನೋಡಿಕೊಳ್ಳಿ. ನಾಗಾಲ್ಯಾಂಡ್‌ನ ಹಾರ್ನ್‌ಬಿಲ್ ಉತ್ಸವ ಪ್ರತಿ ವರ್ಷ ಡಿಸೆಂಬರ್ 1ರಿಂದ 10ರವರೆಗೆ ಕೊಹಿಮಾ ಹತ್ತಿರದ ಕಿಸಾಮಾದಲ್ಲಿ ನಡೆಯುತ್ತದೆ. ಆ ಹತ್ತು ದಿನ ಕೊಹಿಮಾದಲ್ಲಿ ರೂಮು ಸಿಗುವುದು ಕಷ್ಟ, ಸಿಕ್ಕರೂ ರೇಟು ಕೇಳುವ ಹಾಗಿಲ್ಲ. ಉತ್ಸವ ಬೇಕೆಂದರೆ ತಿಂಗಳುಗಳ ಮೊದಲೇ ಬುಕ್ ಮಾಡಿ. ಬೇಡವೆಂದರೆ ಆ ದಿನಗಳಲ್ಲಿ ಆ ಕಡೆ ತಲೆಯೇ ಹಾಕಬೇಡಿ. ಅಸ್ಸಾಮಿನ ಮಾಜುಲಿ ದ್ವೀಪದ ರಾಸ ಹುಣ್ಣಿಮೆ, ಏಪ್ರಿಲ್ ಮಧ್ಯದಲ್ಲಿ ಬರುವ ಅಸ್ಸಾಮಿನ ಹೊಸ ವರ್ಷದ ಹಬ್ಬ ರೊಂಗಾಲಿ ಬಿಹು, ಇವಕ್ಕೂ ಇದೇ ಮಾತು. ಬಿಹು ಹೊತ್ತಿಗೆ ಹೊರಗಡೆ ಕೆಲಸ ಮಾಡುವ ಅಸ್ಸಾಮಿನವರೆಲ್ಲ ಊರಿಗೆ ಹೊರಡುತ್ತಾರೆ. ಬೆಂಗಳೂರಿನ ರೈಲಿನಲ್ಲಿ ನಿಮಗೆ ಸೀಟು ಎಲ್ಲಿಂದ ಬರಬೇಕು?

ದಾರಿ: ಹೋಗುವಾಗ ಬ್ರಹ್ಮಪುತ್ರದ ತೆಂಕಣ ದಡ, ಬರುವಾಗ ಬಡಗಣ ದಡ

ಎಂಟೂ ರಾಜ್ಯ ಒಂದೇ ಸಲಕ್ಕೆ ಬೇಡ. ಸಿಕ್ಕಿಂ ಬೇರೆಯೇ ದಿಕ್ಕು, ಅದಕ್ಕೆ ಇನ್ನೊಂದು ಸಲ ಹೋಗಿ. ತ್ರಿಪುರಾ, ಮಿಜೋರಾಂ ಇನ್ನೂ ಕೆಳಗೆ. ಮಣಿಪುರದಲ್ಲಿ 2023ರ ಮೇ ತಿಂಗಳಲ್ಲಿ ಶುರುವಾದ ಹಿಂಸಾಚಾರದ ನಂತರ ಓಡಾಟ ಮೊದಲಿನ ಹಾಗಿಲ್ಲ. ಲೋಕ್‌ತಾಕ್ ಸರೋವರ ಎಷ್ಟೇ ಕರೆದರೂ, ಅಲ್ಲಿನ ಪರಿಸ್ಥಿತಿ ಪೂರ್ತಿ ತಿಳಿಯದೆ ಅದನ್ನು ಪಟ್ಟಿಗೆ ಸೇರಿಸಬೇಡಿ.

ಉಳಿದದ್ದು ಮೇಘಾಲಯ, ನಾಗಾಲ್ಯಾಂಡ್, ಅಸ್ಸಾಂ, ಅರುಣಾಚಲ. ಇಷ್ಟಕ್ಕೇ ತಿಂಗಳು ಬೇಕು. ಬಂದ ದಾರಿಯಲ್ಲೇ ವಾಪಸ್ ಬರದ ಹಾಗೆ ಇದನ್ನು ಒಂದು ಸುತ್ತಾಗಿ ಜೋಡಿಸಬಹುದು.

ಗುವಾಹಟಿಯಿಂದ ಮೊದಲು ಶಿಲ್ಲಾಂಗ್, ಅಲ್ಲಿಂದ ಸೊಹ್ರಾ, ಅಂದರೆ ಚೆರಾಪುಂಜಿ. ಆರು ದಿನ ಇಡಿ. ಗುವಾಹಟಿಯಿಂದ ಶಿಲ್ಲಾಂಗ್ ನೂರು ಕಿಲೋಮೀಟರ್, ರಸ್ತೆ ಚೆನ್ನಾಗಿದೆ. ಹೊಸಬರಿಗೆ ಈ ಭಾಗದ ಓಡಾಟ ಅಭ್ಯಾಸವಾಗಲು ಮೇಘಾಲಯವೇ ಸರಿ. ಪರ್ಮಿಟ್ ಬೇಡ, ಇಂಗ್ಲಿಷ್ ನಡೆಯುತ್ತದೆ. ನೊಂಗ್ರಿಯಾಟ್‌ನಲ್ಲಿ ಜೀವಂತ ಮರದ ಬೇರುಗಳನ್ನೇ ಹೆಣೆದು ಮಾಡಿದ ಎರಡಂತಸ್ತಿನ ಸೇತುವೆಗೆ ತಿರ್ನಾ ಹಳ್ಳಿಯಿಂದ ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕು. ಅದನ್ನು ಒಂದೇ ದಿನದಲ್ಲಿ ಇಳಿದು ಹತ್ತುವವರೇ ಜಾಸ್ತಿ. ಮಾರನೆಯ ದಿನ ಅವರ ನಡಿಗೆ ನೋಡಬೇಕು! ಕೆಳಗೆ ಹಳ್ಳಿಯಲ್ಲೇ ಹೋಮ್‌ಸ್ಟೇಗಳಿವೆ, ಒಂದು ರಾತ್ರಿ ಅಲ್ಲೇ ಉಳಿಯಿರಿ. ದೊಡ್ಡ ಬ್ಯಾಗನ್ನು ಮೇಲೆ ಸೊಹ್ರಾದ ರೂಮಿನಲ್ಲಿ ಬಿಟ್ಟು, ಒಂದು ಜೊತೆ ಬಟ್ಟೆ ಹಾಕಿದ ಸಣ್ಣ ಚೀಲ ಮಾತ್ರ ಒಯ್ಯಿರಿ.

ಮತ್ತೆ ಗುವಾಹಟಿಗೆ ಬಂದು ರೈಲಿನಲ್ಲಿ ದಿಮಾಪುರ. ಅಲ್ಲಿಂದ ಕೊಹಿಮಾ ಎಪ್ಪತ್ತು ಚಿಲ್ಲರೆ ಕಿಲೋಮೀಟರ್. ಕೊಹಿಮಾ, ಖೊನೊಮಾ ಹಳ್ಳಿ, ಕಾಲಲ್ಲಿ ಶಕ್ತಿಯಿದ್ದರೆ ಜುಕೋ ಕಣಿವೆ. ಇದಕ್ಕೆ ಐದಾರು ದಿನ. ಕೊಹಿಮಾದ ಯುದ್ಧ ಸ್ಮಶಾನವನ್ನು ಬಿಡಬೇಡಿ. 1944ರಲ್ಲಿ ಜಪಾನಿ ಸೈನ್ಯ ಭಾರತದೊಳಗೆ ನುಗ್ಗಿದ್ದನ್ನು ತಡೆದ ಜಾಗ ಅದು. ಬ್ರಿಟಿಷ್ ಕಡೆಯ ಸೈನಿಕರೂ ಜಪಾನಿಯರೂ ಜಿಲ್ಲಾಧಿಕಾರಿಯ ಬಂಗಲೆಯ ಟೆನಿಸ್ ಕೋರ್ಟಿನ ಎರಡು ಬದಿಯಲ್ಲಿ ನಿಂತು ಹೊಡೆದಾಡಿದ್ದರು. ಕೋರ್ಟಿನ ಗೆರೆಗಳನ್ನು ಈಗಲೂ ಗುರುತು ಮಾಡಿ ಉಳಿಸಿದ್ದಾರೆ.

ದಿಮಾಪುರಕ್ಕೆ ಇಳಿದು ರೈಲಿನಲ್ಲಿ ಜೋರ್ಹಾಟ್. ನಿಮಾತಿ ಘಾಟಿನಿಂದ ದೋಣಿ ಹತ್ತಿ ಮಾಜುಲಿ ದ್ವೀಪ. ಇಲ್ಲಿ ಮೂರ್ನಾಲ್ಕು ದಿನ ಸುಮ್ನೆ ಸೈಕಲ್ ತುಳಿಯಿರಿ. ಅಸ್ಸಾಮಿನ ಸಂತ ಶಂಕರದೇವರ ವೈಷ್ಣವ ಪರಂಪರೆಯ ಸತ್ರಗಳು, ಅಂದರೆ ಮಠಗಳು, ಇಲ್ಲಿವೆ. ಸಾಮಗುರಿ ಸತ್ರದಲ್ಲಿ ಬಿದಿರು, ಬಟ್ಟೆ, ಜೇಡಿಮಣ್ಣಿನಿಂದ ಮುಖವಾಡ ಮಾಡುತ್ತಾರೆ. ಭಾವನಾ ಎಂಬ ಆಟಕ್ಕೆ ಅವು ಬೇಕು. ಯಕ್ಷಗಾನ ನೋಡಿ ಬೆಳೆದವರು ಅಲ್ಲಿ ಅರ್ಧ ದಿನ ಕೂತರೂ ಎದ್ದು ಬರುವುದಿಲ್ಲ.

ಮಾಜುಲಿಯ ಉತ್ತರದ ಕಡೆಯಿಂದ ನೀರು ದಾಟಿದರೆ ನಾರ್ತ್ ಲಖಿಂಪುರ. ಬಡಗಣ ದಡ ಬಂತು. ಅಲ್ಲಿಂದ ಸುಮೋದಲ್ಲಿ ಝೀರೋ. ಅಪತಾನಿ ಜನ ಗದ್ದೆಯಲ್ಲಿ ಭತ್ತದ ಜೊತೆಗೇ ಮೀನು ಸಾಕುವ ಊರು. ಪೈನ್ ಕಾಡು, ಚಳಿ, ನಿಧಾನ. ನಾಲ್ಕು ದಿನ. ಆಮೇಲೆ ಕೆಳಗಿಳಿದು ತೇಜ್‌ಪುರ, ಅಲ್ಲಿಂದ ದಿರಾಂಗ್, ತವಾಂಗ್. ಎಂಟು ದಿನಕ್ಕೆ ಕಡಿಮೆ ಇಡಬೇಡಿ. ಕೊನೆಗೆ ಗುವಾಹಟಿ.

ದಿನಗಳನ್ನು ಕೂಡಿಸಿ ನೋಡಿ. ಇಪ್ಪತ್ತೇಳೋ ಇಪ್ಪತ್ತೆಂಟೋ ಆಗುತ್ತದೆ. ಬೆಂಗಳೂರಿನ ರೈಲಿನ ದಿನಗಳನ್ನು ಇದಕ್ಕೆ ಬೇರೆಯೇ ಸೇರಿಸಿಕೊಳ್ಳಿ. ಉಳಿದ ಎರಡು ಮೂರು ದಿನಗಳಿಗೆ ಊರು ಹುಡುಕಬೇಡಿ, ಖಾಲಿ ಬಿಡಿ. ಬಂದ್, ಭೂಕುಸಿತ, ದೋಣಿ ನಿಂತದ್ದು, ಹೊಟ್ಟೆ ಕೆಟ್ಟದ್ದು, ಇವಕ್ಕೆಲ್ಲ ಆ ದಿನಗಳು ತಾವಾಗಿಯೇ ಹೋಗುತ್ತವೆ. ತಿಂಗಳು ಇಲ್ಲ, ಹದಿನೈದು ದಿನ ಮಾತ್ರ ಇದೆ ಎಂದರೆ ಒಂದೊಂದು ಊರಿನಿಂದ ಒಂದೊಂದು ದಿನ ಕತ್ತರಿಸಬೇಡಿ. ಒಂದು ರಾಜ್ಯವನ್ನೇ ಪೂರ್ತಿ ಬಿಟ್ಟುಬಿಡಿ.

ಹಳೆಯ ಪ್ರವಾಸ ಬರಹಗಳನ್ನು ಓದಿ ದಾರಿ ಹಾಕುವವರಿಗೆ ಒಂದು ಎಚ್ಚರಿಕೆ. ಬ್ರಹ್ಮಪುತ್ರ ದಾಟಲು ದಿಬ್ರೂಗಢದಲ್ಲಿ ಗಂಟೆಗಟ್ಟಲೆ ದೋಣಿಗೆ ಕಾಯಬೇಕು ಎಂದು ಅವುಗಳಲ್ಲಿ ಬರೆದಿರುತ್ತದೆ. ಈಗ ಅಲ್ಲಿ ಸುಮಾರು ಐದು ಕಿಲೋಮೀಟರ್ ಉದ್ದದ ಬೋಗಿಬೀಲ್ ಸೇತುವೆ ಇದೆ, ಮೇಲೆ ರಸ್ತೆ, ಕೆಳಗೆ ರೈಲು. ನಮ್ಮ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ 1997ರಲ್ಲಿ ಅಡಿಗಲ್ಲು ಹಾಕಿದ್ದು, ಓಡಾಟಕ್ಕೆ ತೆರೆದದ್ದು 2018ರ ಡಿಸೆಂಬರ್‌ನಲ್ಲಿ. ಮಾಜುಲಿಯ ಉತ್ತರದ ದೋಣಿ ನಿಂತಿದ್ದರೆ ಈ ಸೇತುವೆಯೇ ನಿಮ್ಮ ಬದಲಿ ದಾರಿ. ಅದೇ ರೀತಿ ತವಾಂಗ್ ದಾರಿಯ ಸೇಲಾ ಪಾಸ್‌ನಲ್ಲಿ 2024ರ ಮಾರ್ಚ್‌ನಲ್ಲಿ ಸುರಂಗ ತೆರೆಯಿತು. ಮೊದಲು ಹಿಮ ಬಿದ್ದರೆ ತವಾಂಗ್ ದಾರಿಯೇ ಮುಚ್ಚುತ್ತಿತ್ತು. ಓದುವ ಬರಹ ಯಾವ ವರ್ಷದ್ದು ಎಂದು ಮೊದಲು ನೋಡಿ.

ಕಾಗದಪತ್ರ

ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರ ಈ ನಾಲ್ಕಕ್ಕೆ ಹೊರಗಿನ ಭಾರತೀಯರೂ ಇನ್ನರ್ ಲೈನ್ ಪರ್ಮಿಟ್ ತೆಗೆದುಕೊಳ್ಳಬೇಕು. ಎಲ್ಲರೂ ಐಎಲ್‌ಪಿ ಅನ್ನುತ್ತಾರೆ. ಬ್ರಿಟಿಷರು 1873ರಲ್ಲಿ ಮಾಡಿದ ಕಾಯ್ದೆ ಇದರ ಮೂಲ. ನಮ್ಮ ದೇಶದಲ್ಲೇ ಓಡಾಡಲು ಪರ್ಮಿಟ್ ಯಾಕೆ ಎಂದು ಗೇಟಿನಲ್ಲಿ ವಾದಕ್ಕೆ ನಿಲ್ಲುವವರಿದ್ದಾರೆ. ಅಲ್ಲಿನ ಜನರಿಗೆ ಅದು ತಮ್ಮ ನೆಲ ಕಾಯುವ ಬೇಲಿ. ವಾದ ಬೇಡ.

ನಮ್ಮ ಸುತ್ತಿಗೆ ಬೇಕಾದದ್ದು ಎರಡು, ನಾಗಾಲ್ಯಾಂಡ್ ಮತ್ತು ಅರುಣಾಚಲದ್ದು. ಎರಡೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಆಯಾ ರಾಜ್ಯ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ. ಸರ್ಚ್ ಮಾಡಿದಾಗ ಮೇಲೆ ಬರುವ ಏಜೆಂಟರ ಪುಟಗಳಿಗೆ ದುಡ್ಡು ಕಟ್ಟಬೇಡಿ. ವಿಳಾಸ ಜಿಒವಿ ಡಾಟ್ ಇನ್ ಎಂದು ಮುಗಿಯುತ್ತದೆಯೇ ನೋಡಿಕೊಳ್ಳಿ. ಒಳಗೆ ಹೋಗುವ, ಹೊರಗೆ ಬರುವ ತಾರೀಖು ಕೇಳುತ್ತದೆ. ಹಿಂದೆ ಮುಂದೆ ಎರಡೆರಡು ದಿನ ಸೇರಿಸಿ ಹಾಕಿ. ಅರುಣಾಚಲಕ್ಕೆ ನೀವು ಎರಡು ಸಲ ಹೋಗುತ್ತೀರಿ, ಒಂದು ಸಲ ಝೀರೋ ಕಡೆಯಿಂದ, ಇನ್ನೊಂದು ಸಲ ಭಾಲುಕ್‌ಪೊಂಗ್ ಗೇಟಿನಿಂದ. ಪರ್ಮಿಟ್‌ನ ಅವಧಿ ಎರಡಕ್ಕೂ ಸಾಲುತ್ತದೆಯೇ ಎಂದು ಅರ್ಜಿ ಹಾಕುವಾಗಲೇ ನೋಡಿ. ಸಾಲದಿದ್ದರೆ ಎರಡು ತೆಗೆದುಕೊಳ್ಳಿ.

ಫೋನಿನಲ್ಲಿದೆ ಅನ್ನಬೇಡಿ. ಪ್ರಿಂಟ್ ತೆಗೆಯಿರಿ, ಮೂರ್ನಾಲ್ಕು ಪ್ರತಿ. ಅರ್ಜಿಗೆ ಯಾವ ಗುರುತಿನ ಚೀಟಿ ಕೊಟ್ಟಿರೋ ಅದರ ಮೂಲ ಪ್ರತಿಯೇ ಜೊತೆಗಿರಲಿ. ಜೊತೆಗೆ ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೋ. ತವಾಂಗ್‌ನಿಂದ ಮುಂದೆ ಚೀನಾ ಗಡಿಯ ಬುಮ್ ಲಾಗೆ ಹೋಗಬೇಕಾದರೆ ತವಾಂಗ್‌ನಲ್ಲೇ ಇನ್ನೊಂದು ಪರ್ಮಿಟ್ ಮಾಡಿಸಬೇಕು. ಅದು ಒಂದು ದಿನದ ಕೆಲಸ, ಮತ್ತು ಆಫೀಸಿಗೆ ರಜೆ ಇರುವ ದಿನ ಆಗುವುದಿಲ್ಲ.

ಅಮೆರಿಕದಿಂದಲೋ ಲಂಡನ್ನಿನಿಂದಲೋ ಬಂದ ಅಣ್ಣ, ಅಕ್ಕ ಜೊತೆಗೆ ಬರುತ್ತಾರೆಯೇ? ಅವರ ಕೈಲಿರುವುದು ವಿದೇಶಿ ಪಾಸ್‌ಪೋರ್ಟ್ ಮತ್ತು ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಆದರೆ ಐಎಲ್‌ಪಿ ನಡೆಯುವುದಿಲ್ಲ. ವಿದೇಶಿಯರಿಗೆ ಕೊಡುವ ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್ ಬೇಕು. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ ಅಂತ ಗೇಟಿನಲ್ಲಿ ಬಿಡುವುದಿಲ್ಲ. ಅವರ ಪರ್ಮಿಟ್ ಕೈಗೆ ಬಂದ ಮೇಲೆಯೇ ನಿಮ್ಮ ಟಿಕೆಟ್ ಮಾಡಿ.

ಬೆಂಗಳೂರಿನಿಂದ ಗುವಾಹಟಿ

ವಿಮಾನದಲ್ಲಿ ಸುಮಾರು ಮೂರು ಗಂಟೆ. ರೈಲಿನಲ್ಲಿ ಮೂರು ಸಾವಿರ ಕಿಲೋಮೀಟರ್, ಎರಡು ದಿನಕ್ಕೂ ಜಾಸ್ತಿ. ಬೈಯಪ್ಪನಹಳ್ಳಿಯ ಎಸ್‌ಎಂವಿಟಿಯಿಂದ ರೈಲುಗಳಿವೆ. ಸಮಯ ಇದ್ದರೆ ಹೋಗುವಾಗ ರೈಲೇ ಸರಿ ಅನ್ನುತ್ತೇನೆ. ಕಾರಣ ಕಿಟಕಿಯ ಹೊರಗಿಲ್ಲ, ಬೋಗಿಯ ಒಳಗಿದೆ. ನಿಮ್ಮ ಎದುರು ಕೂತವರು ಬೆಂಗಳೂರಿನ ಹೋಟೆಲ್, ಆಸ್ಪತ್ರೆ, ಅಪಾರ್ಟ್‌ಮೆಂಟ್‌ಗಳಲ್ಲಿ ಕೆಲಸ ಮಾಡಿ ಊರಿಗೆ ಹೊರಟ ಅಸ್ಸಾಮಿನ ಹುಡುಗರು, ನಾಗಾಲ್ಯಾಂಡ್‌ನ ಹುಡುಗಿಯರು. ಹಲವರಿಗೆ ಕನ್ನಡ ಬರುತ್ತದೆ. 2012ರ ಆಗಸ್ಟ್‌ನಲ್ಲಿ ಬರೀ ವದಂತಿಗೆ ಹೆದರಿ ಇಂಥ ಸಾವಿರಾರು ಜನ ಒಂದೆರಡು ದಿನದಲ್ಲಿ ಇದೇ ಗುವಾಹಟಿ ರೈಲು ಹತ್ತಿ ಬೆಂಗಳೂರು ಬಿಟ್ಟಿದ್ದರು. ಅವರಲ್ಲಿ ಎಷ್ಟೋ ಮಂದಿ ಮತ್ತೆ ಬಂದರು. ನಿಮ್ಮ ಊರಿನ ಬಗ್ಗೆ ಅವರಿಗೆ ಗೊತ್ತಿರುವಷ್ಟು ಅವರ ಊರಿನ ಬಗ್ಗೆ ನಿಮಗೆ ಗೊತ್ತಿಲ್ಲ ಅಲ್ವಾ? ಎರಡು ದಿನ ಸಿಗುತ್ತದೆ, ಕೇಳಿ. ಯಾವ ರಸ್ತೆ ಕೆಟ್ಟಿದೆ, ಎಲ್ಲಿ ಇಳಿಯಬೇಕು, ಯಾವ ಸ್ಟ್ಯಾಂಡಿಗೆ ಹೋಗಬೇಕು, ಯಾವ ಮ್ಯಾಪಿನಲ್ಲೂ ಇಲ್ಲದ್ದು ಅಲ್ಲಿ ಸಿಗುತ್ತದೆ.

ರೈಲ್ವೆ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ಮೊದಲಿದ್ದ 120 ದಿನ 2024ರ ನವೆಂಬರ್‌ನಿಂದ ಇಲ್ಲ. ತೆರೆದ ದಿನವೇ ಮಾಡಿ.

ಗಡಿಯಾರವನ್ನು ಒಂದು ಗಂಟೆ ಮುಂದಿಡಿ

ಇದೇ ಇಡೀ ಪ್ಲಾನಿನ ನಡುಗಂಬ. ದೇಶಕ್ಕೆಲ್ಲ ಒಂದೇ ಗಡಿಯಾರ, ಆದರೆ ಸೂರ್ಯ ಒಂದೇ ಹೊತ್ತಿಗೆ ಮುಳುಗುವುದಿಲ್ಲ. ಗುವಾಹಟಿ ಬೆಂಗಳೂರಿಗಿಂತ ಸುಮಾರು 14 ರೇಖಾಂಶ ಪೂರ್ವಕ್ಕಿದೆ. ಒಂದು ರೇಖಾಂಶಕ್ಕೆ ನಾಲ್ಕು ನಿಮಿಷದಂತೆ ಹೆಚ್ಚುಕಡಿಮೆ ಒಂದು ಗಂಟೆಯ ವ್ಯತ್ಯಾಸ. ಉತ್ತರಕ್ಕೂ ಇರುವುದರಿಂದ ಚಳಿಗಾಲದ ಹಗಲು ಇನ್ನೂ ಮೊಟಕು. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆರರ ಹತ್ತಿರ ಸೂರ್ಯ ಮುಳುಗಿದರೆ ಗುವಾಹಟಿಯಲ್ಲಿ ನಾಲ್ಕೂವರೆಗೆ. ಅರುಣಾಚಲದ ಕಣಿವೆಗಳಲ್ಲಿ ಬೆಟ್ಟ ಅಡ್ಡ ಬರುವುದರಿಂದ ಬಿಸಿಲು ಇನ್ನೂ ಬೇಗ ಹೋಗುತ್ತದೆ. ಅಸ್ಸಾಮಿನ ಚಹಾ ತೋಟಗಳು ಇದಕ್ಕೇ ಬ್ರಿಟಿಷರ ಕಾಲದಿಂದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಕೆಲಸ ಮಾಡಿಸುತ್ತಿವೆ. ಬಾಗಾನ್ ಟೈಮ್ ಅನ್ನುತ್ತಾರೆ.

ಹಾಗಾಗಿ ನಮ್ಮ ಕಡೆ ಹತ್ತಕ್ಕೆ ಹೊರಡುವ ಅಭ್ಯಾಸ ಅಲ್ಲಿ ನಡೆಯದು. ಬೆಟ್ಟದ ಊರುಗಳ ನಡುವೆ ಓಡಾಡುವುದು ಶೇರ್ ಸುಮೋ. ಟಾಟಾ ಕಂಪನಿ ಸುಮೋ ಮಾಡುವುದನ್ನು 2019ರಲ್ಲೇ ನಿಲ್ಲಿಸಿದೆ. ಈಗ ಬರುವುದು ಬೊಲೆರೋ, ಮ್ಯಾಕ್ಸ್, ಏನಾದರೂ ಇರಲಿ, ಅಲ್ಲಿ ಎಲ್ಲವೂ ಸುಮೋನೇ. ಹೊರಡುವುದು ಬೆಳಗಿನ ಐದು, ಐದೂವರೆ, ಆರು. ಉದ್ದದ ದಾರಿಗಳಲ್ಲಿ ದಿನಕ್ಕೆ ಅದೇ ಒಂದು ಸರದಿ. ತಪ್ಪಿದರೆ ನಾಳೆಯೇ.

ಒಂದು ಊರಿಗೆ ಇಳಿದ ಕೂಡಲೇ, ರೂಮು ಹುಡುಕುವ ಮೊದಲೇ, ಮುಂದಿನ ಊರಿನ ಸುಮೋ ಕೌಂಟರ್ ಎಲ್ಲಿದೆ ಎಂದು ಕೇಳಿಕೊಳ್ಳಿ. ಹೊರಡುವ ಹಿಂದಿನ ದಿನ ಮಧ್ಯಾಹ್ನದೊಳಗೆ ಹೋಗಿ ಸೀಟು ಬರೆಸಿ. ಮುಂದೆ ಡ್ರೈವರ್ ಪಕ್ಕ ಇಬ್ಬರು, ನಡುವೆ ನಾಲ್ವರು, ಹಿಂದೆ ನಾಲ್ವರು. ಮುಂದಿನ ಕಿಟಕಿ ಸೀಟು ಸಿಕ್ಕರೆ ಪುಣ್ಯ, ನಡುವಿನ ಸಾಲಿನ ಕಿಟಕಿ ಸಿಕ್ಕರೂ ಸಾಕು. ಹಿಂದಿನ ಸಾಲು ಕಾಲುದ್ದದವರಿಗೆ ಶಿಕ್ಷೆ. ವಾಂತಿ ಬರುವವರು ಕೌಂಟರಿನಲ್ಲೇ ಹೇಳಿಬಿಡಿ, ನಾಚಿಕೆಯ ಮಾತಲ್ಲ. ಮಡಿಕೇರಿ ರಸ್ತೆಯಲ್ಲೇ ತಲೆ ತಿರುಗುವವರಿಗೆ ಈ ದಾರಿಗಳು ಸುಲಭವಲ್ಲ, ಮಾತ್ರೆ ಜೇಬಿನಲ್ಲಿರಲಿ. ಇಡೀ ಗಾಡಿ ಬುಕ್ ಮಾಡಿದರೆ ಹತ್ತೂ ಸೀಟಿನ ದುಡ್ಡು ನಿಮ್ಮದೇ. ನಾಲ್ಕೈದು ಜನ ಇದ್ದರೆ ಅದನ್ನು ಯೋಚಿಸಬಹುದು.

ಭಾನುವಾರಕ್ಕೆ ಪ್ರಯಾಣ ಇಡಬೇಡಿ. ನಾಗಾಲ್ಯಾಂಡ್, ಮೇಘಾಲಯದಲ್ಲಿ ಆ ದಿನ ಎಲ್ಲರೂ ಚರ್ಚಿಗೆ ಹೋಗುತ್ತಾರೆ, ಅಂಗಡಿ ಮುಚ್ಚಿರುತ್ತದೆ, ಗಾಡಿ ಸಿಗುವುದಿಲ್ಲ. ಬಟ್ಟೆ ಒಗೆಯಲು ಅದೇ ಒಳ್ಳೆಯ ದಿನ. ಇನ್ನು ಬಂದ್. ಯಾವುದಾದರೂ ಸಂಘಟನೆ ಕರೆ ಕೊಟ್ಟರೆ ರಸ್ತೆ ನಿಜವಾಗಿಯೂ ಖಾಲಿಯಾಗುತ್ತದೆ. ರೂಮಿನವರನ್ನು ಪ್ರತಿ ಸಂಜೆ ಒಂದು ಮಾತು ಕೇಳಿ: ನಾಳೆ ದಾರಿ ಸರಿ ಇದೆಯಾ?

ಮಾಜುಲಿಯ ದೋಣಿಗೂ ಇದೇ ನಿಯಮ. ಕೊನೆಯ ಫೆರ್ರಿ ಸಂಜೆಯವರೆಗೆ ಕಾಯುವುದಿಲ್ಲ. ಮಧ್ಯಾಹ್ನದೊಳಗೆ ಘಾಟಿನಲ್ಲಿರಿ. 2021ರ ಸೆಪ್ಟೆಂಬರ್‌ನಲ್ಲಿ ನಿಮಾತಿ ಘಾಟಿನ ಹತ್ತಿರ ಎರಡು ದೋಣಿ ಡಿಕ್ಕಿ ಹೊಡೆದು ಸಾವುಗಳಾದವು. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಜನ ಕಿಕ್ಕಿರಿದಿದ್ದರೆ ಮುಂದಿನ ದೋಣಿಗೆ ನಿಲ್ಲಿ.

ಎತ್ತರಕ್ಕೆ ನಿಧಾನವಾಗಿ ಹತ್ತಿ

ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ಅಲ್ಲಿ ಉಸಿರಿಗೆ ತೊಂದರೆಯಾಗಿದ್ದು ಯಾರಿಗೂ ಇರಲಾರದು. ತವಾಂಗ್ ಸುಮಾರು 3,000 ಮೀಟರ್. ದಾರಿಯಲ್ಲಿ ಬರುವ ಸೇಲಾ 4,100 ಮೀಟರ್ ಮೀರುತ್ತದೆ. ಬುಮ್ ಲಾ ಇನ್ನೂ ಮೇಲೆ, 15,000 ಅಡಿಯ ಆಚೆ. ತೇಜ್‌ಪುರ ಇರುವುದು ನದಿಯ ದಡದಲ್ಲಿ. ಅಲ್ಲಿಂದ ಒಂದೇ ದಿನದಲ್ಲಿ ತವಾಂಗ್ ತಲುಪಿದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಲೆನೋವು, ವಾಕರಿಕೆ, ರಾತ್ರಿ ನಿದ್ದೆ ಇಲ್ಲ. ಕೆಲವರಿಗೆ ಅದು ಅಪಾಯಕ್ಕೂ ಹೋಗುತ್ತದೆ.

ಆದ್ದರಿಂದ ತೇಜ್‌ಪುರದಿಂದ ದಿರಾಂಗ್‌ವರೆಗೆ ಮಾತ್ರ ಸುಮೋ ಹಿಡಿಯಿರಿ. ಅದು ಸುಮಾರು 1,500 ಮೀಟರ್. ಎರಡು ರಾತ್ರಿ ಅಲ್ಲಿ ಉಳಿದು ಮುಂದೆ ಹೋಗಿ. ಸುರಂಗ ಬಂದ ಮೇಲೆ ಸೇಲಾದ ಕಷ್ಟವೇ ಇಲ್ಲ ಎಂದು ಕೆಲವರು ಹೇಳುತ್ತಾರೆ. ಸುರಂಗವೂ 13,000 ಅಡಿ ಎತ್ತರದಲ್ಲಿದೆ, ಸ್ವಾಮಿ. ಹಿಮದ ತೊಂದರೆ ತಪ್ಪಿತು, ಎತ್ತರ ತಪ್ಪಲಿಲ್ಲ. ತವಾಂಗ್‌ನಲ್ಲೂ ಎರಡು ರಾತ್ರಿ ಕಳೆದ ಮೇಲೆಯೇ ಬುಮ್ ಲಾ. ತಲೆನೋವು ಹೆಚ್ಚುತ್ತಲೇ ಹೋದರೆ, ಮಾತು ನಡಿಗೆ ತಡವರಿಸಿದರೆ, ಔಷಧಿ ಹುಡುಕುತ್ತ ಕೂರದೆ ಕೆಳಗಿಳಿಯಿರಿ. ಬಿಪಿ, ಶ್ವಾಸಕೋಶ, ಹೃದಯದ ತೊಂದರೆ ಇರುವವರು ಊರಲ್ಲೇ ಡಾಕ್ಟರನ್ನು ಕೇಳಿ ಹೊರಡಬೇಕು. ಅಸ್ಸಾಮಿನ ತಗ್ಗು, ಅರುಣಾಚಲದ ಕಾಡಂಚಿಗೆ ಮಲೇರಿಯಾ ಮುನ್ನೆಚ್ಚರಿಕೆ ಏನು ಬೇಕೆಂದು ಅದೇ ಭೇಟಿಯಲ್ಲಿ ಕೇಳಿಬಿಡಿ.

ತವಾಂಗ್‌ನ ಮಠ 17ನೆಯ ಶತಮಾನದ್ದು. 1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದದ್ದು ಈ ದಾರಿಯಲ್ಲೇ. ಅವರ ಹಿಂದೆ ಬಂದವರಿಗೆ ನೆಲೆಯಾದ ಬೈಲುಕುಪ್ಪೆ, ಮುಂಡಗೋಡುಗಳನ್ನು ನೀವು ನೋಡಿದ್ದರೆ, ಇಲ್ಲಿನ ಪ್ರಾರ್ಥನಾ ಚಕ್ರ, ತುಕ್ಪಾ ಎಂಬ ನೂಡಲ್ಸ್ ಸೂಪ್, ಬೆಣ್ಣೆ ದೀಪ ಎಲ್ಲ ಪರಿಚಯದ್ದೇ ಅನಿಸುತ್ತವೆ.

ಊಟ

ಮಾಂಸ ತಿನ್ನುವವರಿಗೆ ಇಲ್ಲಿ ಬರೆಯಬೇಕಾದದ್ದು ಏನೂ ಇಲ್ಲ, ಹೋಗಿ ತಿನ್ನಿ. ಕೊಡಗಿನವರಂತೂ ಹಂದಿಮಾಂಸ, ಕಳಲೆ ನೋಡಿ ಮನೆಗೆ ಬಂದ ಹಾಗೆ ಕೂರುತ್ತಾರೆ. ನಾಗಾ ಅಡುಗೆಯ ಅಖುನಿ, ಅಂದರೆ ಹುಳಿಬರಿಸಿದ ಸೋಯಾ, ವಾಸನೆಗೆ ಹೆದರಿಸಿದರೂ ಒಂದು ತುತ್ತು ತಿಂದು ನೋಡಬೇಕು.

ಸಸ್ಯಾಹಾರಿಗಳ ಕಥೆ ಬೇರೆ, ಆದರೆ ಅಂದುಕೊಂಡಷ್ಟು ಕಷ್ಟವಿಲ್ಲ. ಅಲ್ಲೆಲ್ಲ ಅನ್ನವೇ ಮುಖ್ಯ. ಅನ್ನ, ಬೇಳೆ, ಸೊಪ್ಪು, ಆಲೂಗಡ್ಡೆ ಹಿಸುಕಿ ಸಾಸಿವೆ ಎಣ್ಣೆ ಹಾಕಿದ ಪಿಟಿಕಾ ಎಲ್ಲಿ ಕೇಳಿದರೂ ಸಿಗುತ್ತದೆ. ಗುವಾಹಟಿ, ತೇಜ್‌ಪುರ, ದಿಮಾಪುರದಲ್ಲಿ ಮಾರ್ವಾಡಿ ಭೋಜನಾಲಯಗಳಿವೆ. ಹಳ್ಳಿಯ ಹೋಮ್‌ಸ್ಟೇಗೆ ಮೊದಲೇ ಫೋನ್ ಮಾಡಿ ಹೇಳಿ. ‘ವೆಜ್’ ಅಂದರೆ ಸಾಲದು, ಮಾಂಸ ಬೇಡ, ಮೀನೂ ಬೇಡ, ಒಣಮೀನೂ ಬೇಡ ಎಂದು ಬಿಡಿಸಿ ಹೇಳಬೇಕು. ಮೀನನ್ನು ತರಕಾರಿಯ ಲೆಕ್ಕಕ್ಕೆ ಸೇರಿಸುವವರು ಆ ಕಡೆ ಬೇಕಾದಷ್ಟಿದ್ದಾರೆ. ಅಸ್ಸಾಮಿನ ಬೆಳಗಿನ ಜಲಪಾನ್ ಮಾತ್ರ ನಮ್ಮವರಿಗೆಂದೇ ಮಾಡಿದಂತಿದೆ: ಅವಲಕ್ಕಿ, ಗಟ್ಟಿ ಮೊಸರು, ಬೆಲ್ಲ. ಸುಮೋ ಹತ್ತುವ ಮೊದಲು ಅದೊಂದು ಬಟ್ಟಲು ತಿಂದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿ ಸಣ್ಣ ಡಬ್ಬಿಯಲ್ಲಿರಲಿ. ಹತ್ತನೆಯ ದಿನದ ಹೊತ್ತಿಗೆ ಅದರ ಬೆಲೆ ತಿಳಿಯುತ್ತದೆ.

ಎಲೆ ಅಡಿಕೆಯ ವಿಷಯ. ಮೇಘಾಲಯದಲ್ಲಿ, ಅಸ್ಸಾಮಿನಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಅದನ್ನೇ. ಮಲೆನಾಡಿನವರು ನಮಗೆ ಗೊತ್ತಿಲ್ಲದ ಅಡಿಕೆಯೇ ಎಂದು ಬಾಯಿಗೆ ಹಾಕಿಕೊಳ್ಳುತ್ತಾರೆ. ನಮ್ಮದು ಬೇಯಿಸಿ ಒಣಗಿಸಿದ್ದು ಅಥವಾ ಸಿಪ್ಪೆಯೊಂದಿಗೆ ಒಣಗಿದ್ದು. ಅವರದು ಹಸಿಯದು, ಎಷ್ಟೋ ಸಲ ಹೂತಿಟ್ಟು ಹುಳಿಬರಿಸಿದ್ದು. ಅರ್ಧ ನಿಮಿಷದಲ್ಲಿ ಕಿವಿ ಬಿಸಿಯಾಗಿ ಬೆವರು ಕಿತ್ತುಕೊಳ್ಳುತ್ತದೆ. ಚೂರೇ ಚೂರು, ಅದೂ ಕೂತುಕೊಂಡು.

ದುಡ್ಡು, ಫೋನು, ಭಾಷೆ

ಪಟ್ಟಣಗಳಲ್ಲಿ ಯುಪಿಐ ನಡೆಯುತ್ತದೆ. ನೆಟ್‌ವರ್ಕ್ ಹೋದ ಕೂಡಲೇ ಅದೂ ಹೋಗುತ್ತದೆ. ಗುವಾಹಟಿ, ದಿಮಾಪುರ, ಜೋರ್ಹಾಟ್, ತೇಜ್‌ಪುರ, ಈ ನಾಲ್ಕು ಬಯಲು ಊರುಗಳಲ್ಲಿ ಮುಂದಿನ ವಾರಕ್ಕೆ ಬೇಕಾಗುವ ನಗದು ತೆಗೆದುಕೊಂಡು ಬೆಟ್ಟ ಹತ್ತಿ. ಸಣ್ಣ ನೋಟುಗಳೇ ಇರಲಿ, ಎರಡು ಕಡೆ ಹಂಚಿಡಿ. ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಎರಡು ಬೇರೆ ಬೇರೆ ಕಂಪನಿಯ ಸಿಮ್ ಇದ್ದರೆ ಒಂದಾದರೂ ಕೈ ಹಿಡಿಯುತ್ತದೆ.

ಹಿಂದಿ ಬರುವುದಿಲ್ಲವೆಂದು ಹಿಂಜರಿಯಬೇಡಿ. ನಾಗಾಲ್ಯಾಂಡ್, ಮೇಘಾಲಯದಲ್ಲಿ ಇಂಗ್ಲಿಷ್ ಸಾಕು. ಅರುಣಾಚಲದಲ್ಲಿ ಮಾತ್ರ ಹಿಂದಿಯೇ ಎಲ್ಲರನ್ನೂ ಸೇರಿಸುವ ಭಾಷೆ, ಹರುಕುಮುರುಕು ಹಿಂದಿ ಆದರೂ ನಡೆಯುತ್ತದೆ. ಅಲ್ಲಿನವರ ಹಿಂದಿಯೂ ವ್ಯಾಕರಣಕ್ಕೆ ತಲೆ ಕೆಡಿಸಿಕೊಳ್ಳುವಂಥದ್ದಲ್ಲ.

ಬ್ಯಾಗ್

ನಲವತ್ತೈದು ಲೀಟರ್, ತುಂಬಿದಾಗ ಹತ್ತು ಕಿಲೋ ಮೀರದ ಹಾಗೆ. ಸುಮೋ ಮೇಲೆ ಟಾರ್ಪಾಲು ಕಟ್ಟಿದರೂ ಧೂಳು, ಮಳೆ ಒಳಗೆ ಬರುತ್ತದೆ. ಆದ್ದರಿಂದ ಬ್ಯಾಗಿನ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು ಅದರಲ್ಲಿ ಬಟ್ಟೆ ತುಂಬಿ. ಟಾರ್ಚ್, ಪವರ್ ಬ್ಯಾಂಕ್, ಹಿಡಿತ ಇರುವ ಶೂ, ತೆಳು ರೇನ್‌ಕೋಟ್. ಮಳೆ ಬಿದ್ದ ಕಾಡಿನಲ್ಲಿ ಇಂಬಳ ಇರುತ್ತವೆ, ಉಪ್ಪಿನ ಗಂಟು ಕಟ್ಟುವುದು ಹೇಗೆಂದು ಸಕಲೇಶಪುರದ ಕಡೆಯವರಿಗೆ ಹೇಳಿಕೊಡಬೇಕಿಲ್ಲ.

ದಪ್ಪ ಜಾಕೆಟ್ ಬೆಂಗಳೂರಿನಲ್ಲಿ ಕೊಳ್ಳಬೇಡಿ. ಶಿಲ್ಲಾಂಗ್, ಕೊಹಿಮಾದ ಸೆಕೆಂಡ್ ಹ್ಯಾಂಡ್ ಬಟ್ಟೆ ಅಂಗಡಿಗಳಲ್ಲಿ ಒಳ್ಳೆಯ ಜಾಕೆಟ್ ಕಡಿಮೆ ದುಡ್ಡಿಗೆ ಸಿಗುತ್ತದೆ. ಮೊದಲ ವಾರ ಅದರ ಭಾರವೂ ತಪ್ಪುತ್ತದೆ. ತವಾಂಗ್‌ಗೆ ಅದು ಬೇಕೇ ಬೇಕು.

ಹಳ್ಳಿಗೆ ಹೋದಾಗ

ನಾಗಾಲ್ಯಾಂಡ್, ಅರುಣಾಚಲದ ಕಾಡು, ಹೊಳೆ, ಜಾಡುಗಳಲ್ಲಿ ಹೆಚ್ಚಿನವು ಸರ್ಕಾರದ್ದಲ್ಲ, ಊರಿನವರದು. ಯಾರನ್ನೂ ಕೇಳದೆ ಟೆಂಟ್ ಹಾಕಬೇಡಿ. ಕೆಂಪು ಕೋಟು ಹಾಕಿಕೊಂಡ ಹಿರಿಯರು ಕಂಡರೆ ಅವರು ಗಾಂವ್ ಬುಢಾ, ಊರಿನ ಗೌಡರು. ಹೋಗಿ ನಮಸ್ಕಾರ ಹೇಳಿ, ಎಲ್ಲಿಂದ ಬಂದಿರಿ, ಎಷ್ಟು ದಿನ ಇರುತ್ತೀರಿ ಎಂದು ತಿಳಿಸಿ. ಅದರಿಂದ ನಿಮಗೇ ರಕ್ಷಣೆ. ಮುಖಕ್ಕೆ ಹಚ್ಚೆ ಹಾಕಿಸಿಕೊಂಡ ಅಪತಾನಿ ಅಜ್ಜಿಯರ ಫೋಟೋಗೆ ಎಲ್ಲರೂ ಮುಗಿಬೀಳುತ್ತಾರೆ. ಮೊದಲು ಕೂತು ಮಾತಾಡಿ, ಆಮೇಲೆ ಕೇಳಿ, ಬೇಡವೆಂದರೆ ಬಿಟ್ಟುಬಿಡಿ. ‘ಇಂಡಿಯಾದಿಂದ ಬಂದಿದ್ದೇವೆ’ ಎಂಬ ಮಾತು ಬಾಯಿ ತಪ್ಪಿಯೂ ಬರಬಾರದು. ಅವರೂ ಇಂಡಿಯಾದಲ್ಲೇ ಇರುವುದು. ನಾಗಾಲ್ಯಾಂಡ್‌ನಲ್ಲಿ 1989ರ ಕಾಯ್ದೆಯ ಪ್ರಕಾರ ಮದ್ಯ ನಿಷೇಧವಿದೆ. ಹೋಗುವಾಗ ಬ್ಯಾಗಿನಲ್ಲಿ ಬಾಟಲಿ ಇಟ್ಟುಕೊಳ್ಳಬೇಡಿ.

ಒಬ್ಬರೇ ಹೋಗುವ ಹೆಣ್ಣುಮಕ್ಕಳು ಕೇಳುವುದುಂಟು, ಸೇಫಾ ಅಂತ. ಅಂಗಡಿ, ಕೌಂಟರ್, ಹೋಮ್‌ಸ್ಟೇ, ಎಲ್ಲೆಲ್ಲೂ ಹೆಂಗಸರೇ ಮುಂದೆ ಇರುವ ಊರುಗಳು ಇಲ್ಲಿ ಜಾಸ್ತಿ. ಖಾಸಿಗಳಲ್ಲಂತೂ ಮನೆತನ ಹೋಗುವುದು ತಾಯಿಯ ಕಡೆಯಿಂದ, ಆಸ್ತಿ ಕಿರಿಯ ಮಗಳಿಗೆ. ಹಾಗೆಂದು ಎಚ್ಚರ ಬಿಡಬಾರದು. ಕತ್ತಲಿಗೆ ಮೊದಲು ಊರು ಸೇರುವ ನಿಯಮವನ್ನು ಇವರು ಇನ್ನೂ ಬಿಗಿಯಾಗಿ ಪಾಲಿಸಬೇಕು. ಹತ್ತಿದ ಸುಮೋದ ನಂಬರನ್ನೂ ಡ್ರೈವರ್ ಫೋನನ್ನೂ ಮನೆಯವರಿಗೆ ಕಳಿಸಿಬಿಡಿ. ಮುಂದಿನ ಎರಡು ದಿನ ಸಿಗ್ನಲ್ ಇರುವುದಿಲ್ಲ ಎಂದು ಮೊದಲೇ ಹೇಳಿದ್ದರೆ ಅಮ್ಮ ಗಾಬರಿಯಾಗುವುದಿಲ್ಲ.

ವಾಪಸ್ ಟಿಕೆಟ್

ತವಾಂಗ್‌ನಿಂದ ಇಳಿದ ದಿನವೇ ಗುವಾಹಟಿಯಲ್ಲಿ ರೈಲು ಅಥವಾ ವಿಮಾನ ಹಿಡಿಯುವ ಹಾಗೆ ಟಿಕೆಟ್ ಮಾಡಬೇಡಿ. ಮಾರನೆಯ ದಿನಕ್ಕೂ ಬೇಡ. ನಡುವೆ ಎರಡು ರಾತ್ರಿ ಬಿಡಿ, ನಾನು ಖಾಲಿ ಇಡಿ ಎಂದ ದಿನಗಳಲ್ಲಿ ಕೊನೆಯ ಎರಡನ್ನು ಇದಕ್ಕೇ ಉಳಿಸಿಕೊಳ್ಳಿ. ರಸ್ತೆ ಕೈಕೊಡದಿದ್ದರೆ ಗುವಾಹಟಿಯಲ್ಲಿ ಒಂದು ಬೆಳಿಗ್ಗೆ ಕಾಮಾಖ್ಯ, ಒಂದು ಮಧ್ಯಾಹ್ನ ದೋಣಿಯಲ್ಲಿ ನದಿ ನಡುವಿನ ಉಮಾನಂದ ದೇವಸ್ಥಾನ, ಫ್ಯಾನ್ಸಿ ಬಜಾರಿನಲ್ಲಿ ಮನೆಯವರಿಗೆ ನಾಲ್ಕು ಗಮೋಸಾ, ಅಂದರೆ ಅಸ್ಸಾಮಿನ ಕೈವಸ್ತ್ರ. ರೈಲಿಗೆ ಚುರುಮುರಿ, ಬಾಳೆಹಣ್ಣು, ನೀರು ಕೊಂಡು, ಕೆಳಗಿನ ಬರ್ತ್ ಸಿಕ್ಕಿದ್ದರೆ ಬ್ಯಾಗಿಗೆ ಸರಪಳಿ ಹಾಕಿ ಮಲಗಿಬಿಡಿ.